ಮಾಗಡಿ ತೋಟದ ಮೂರು ತಿಂಗಳು, ರಾಜಾಜಿನಗರದ ಕಾಂಪೋಸ್ಟ್ ಡ್ರಮ್

2024ರ ಬೇಸಿಗೆಯಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮ ಮನೆಯ ಬೋರ್‌ವೆಲ್ ಬತ್ತಿತು. ಟ್ಯಾಂಕರ್‌ಗೆ ಕಾದೂ ಕಾದೂ ಸಾಕಾಗಿತ್ತು. ಜುಲೈನಲ್ಲಿ ಮಾಗಡಿ ಹತ್ತಿರ ಸ್ನೇಹಿತರ ತೋಟದ ಮನೆಗೆ ಹೋಗಿ ಮೂರು ತಿಂಗಳು ಇದ್ದೆ. ಅಲ್ಲಿ ಕರೆಂಟ್ ಲೈನ್ ಇಲ್ಲ, ನಲ್ಲಿ ಇಲ್ಲ, ಗ್ಯಾಸ್ ಇಲ್ಲ. ಎರಡು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ, ಮಳೆನೀರಿನ ತೊಟ್ಟಿ, ಸೌದೆ ಒಲೆ, ಅಷ್ಟೇ.

ಪರಿಸರಕ್ಕೆ ಹೊರೆಯಾಗದೆ ಬದುಕಲು ಇಂಥ ತೋಟ ಮೇಲೋ, ನಗರದ ಮನೆಯೇ ಮೇಲೋ ಅಂತ ಹೋಲಿಸಿ ನೋಡಿದೆ. ನೀರಿನ ವಿಷಯದಲ್ಲಿ ತೋಟಕ್ಕೇ ನನ್ನ ಮತ. ಬೆಳಿಗ್ಗೆ ಎದ್ದ ಕೂಡಲೇ ತೊಟ್ಟಿಗೆ ಬಿದಿರು ಕೋಲು ಇಳಿಸಿ ಎಷ್ಟು ಒದ್ದೆಯಾಯಿತು ಅಂತ ನೋಡುತ್ತಿದ್ದೆ. ಮಳೆ ಬಂದ ಮರುದಿನ ಒಂದು ಗೇಣು ಏರಿದ್ದರೆ ಏನು ಖುಷಿ! ಪಾತ್ರೆ ತೊಳೆಯಲು ಒಂದೂವರೆ ಬಕೆಟ್ ಸಾಕು ಅಂತ ಗೊತ್ತಾಗಿದ್ದು ಅಲ್ಲೇ. ನಲ್ಲಿ ಬಿಟ್ಟುಕೊಂಡು ತೊಳೆಯುವಾಗ ಆ ಲೆಕ್ಕ ಸಿಗುವುದಿಲ್ಲ.

ಕರೆಂಟ್ ಕಷ್ಟವಾಯಿತು. ಎರಡು ದಿನ ಮೋಡ ಕವಿದರೆ ರಾತ್ರಿ ಎಂಟಕ್ಕೆ ದೀಪ ಮಂಕು. ಅದನ್ನು ಸಹಿಸಬಹುದಿತ್ತು. ಸೌದೆ ಹೊಗೆ ಸಹಿಸಲು ಆಗಲಿಲ್ಲ. ಅಮ್ಮ ನಾಲ್ಕು ದಿನ ಇರಲು ಬಂದವರು ಎರಡನೇ ದಿನವೇ ಕೆಮ್ಮಿ ಕೆಮ್ಮಿ ವಾಪಸ್ ಹೊರಟರು.

ನನಗೆ ನಿಜವಾಗಿ ಬೇಜಾರಾಗಿದ್ದು ಪೆಟ್ರೋಲ್ ಲೆಕ್ಕದಿಂದ. ವಾರಕ್ಕೆ ಎರಡು ದಿನ ಆಫೀಸಿಗೆ ಬರಬೇಕಿತ್ತು. ಹೋಗಿ ಬರಲು 100 ಕಿ.ಮೀ. ಅಂದರೆ ಬೈಕಿಗೆ ವಾರಕ್ಕೆ ನಾಲ್ಕು ಲೀಟರ್‌ಗೂ ಜಾಸ್ತಿ. ರಾಜಾಜಿನಗರದಲ್ಲಿದ್ದಾಗ ಮೆಟ್ರೋ ಹತ್ತುತ್ತಿದ್ದೆ, ಒಂದು ಲೀಟರೂ ಬೇಕಾಗುತ್ತಿರಲಿಲ್ಲ. ಹೊಲದಲ್ಲೇ ದುಡಿಯುವವರಿಗೆ ತೋಟದ ಬದುಕು ಹೊಂದುತ್ತದೆ. ಕೆಲಸ ನಗರದಲ್ಲಿ ಇಟ್ಟುಕೊಂಡವರಿಗೆ ಬೇಡ ಅಂತಲೇ ಹೇಳುತ್ತೇನೆ.

ಇನ್ನು ರಾಜಾಜಿನಗರದ ಮನೆ. ಬಟ್ಟೆ ಚೀಲ, ಆರ್‌ಓ ಫಿಲ್ಟರ್ ಹೊರಬಿಡುವ ನೀರಿನಲ್ಲಿ ನೆಲ ಒರೆಸುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ನನಗೆ ಹತ್ತಿರವಾಗಿದ್ದು ಟೆರೇಸ್ ಮೇಲಿನ ಕಾಂಪೋಸ್ಟ್ ಡ್ರಮ್. ಹಸಿ ಕಸ ಒಂದು ಪದರ, ಒಣ ಎಲೆ ಒಂದು ಪದರ, ನಡುವೆ ಸ್ವಲ್ಪ ಹುಳಿ ಮಜ್ಜಿಗೆ. ಮೊದಲ ತಿಂಗಳು ನೀರು ಜಾಸ್ತಿಯಾಗಿ ವಾಸನೆ ಬಂತು, ಹುಳ ಬಿತ್ತು. ತೆಂಗಿನ ನಾರಿನ ಪುಡಿ ಹಾಕಿ ಕೆದಕಿದ ಮೇಲೆ ಸರಿಹೋಯಿತು. ಈಗ ಕೈ ಹಾಕಿದರೆ ಒಳಗೆ ಬೆಚ್ಚಗಿರುತ್ತದೆ. ಮೂರು ತಿಂಗಳಿಗೆ ಎಲ್ಲವೂ ಕಪ್ಪು ಮಣ್ಣು, ಮಾವಿನ ಓಟೆ ಮಾತ್ರ ಹಾಗೇ ಉಳಿದಿರುತ್ತದೆ. ಮೇಲಿನ ಮನೆಯ ಆಂಟಿ ದಿನಾ ಸ್ಟೀಲ್ ಡಬ್ಬಿಯಲ್ಲಿ ಸಿಪ್ಪೆ ತಂದು ಸುರಿಯುತ್ತಾರೆ. ಈಗ ನಾಲ್ಕು ಮನೆಯ ಹಸಿ ಕಸ ಗೇಟ್ ದಾಟುತ್ತಿಲ್ಲ. ತೋಟದಲ್ಲಿ ನಾನು ಏನು ಉಳಿಸಿದರೂ ಅದು ನನ್ನೊಬ್ಬನದೇ ಆಗಿತ್ತು, ಅಲ್ವಾ?

ಕೋಲು ಇಳಿಸಿ ನೀರು ಅಳೆಯುವುದನ್ನು ಮಾತ್ರ ಬಿಟ್ಟಿಲ್ಲ, ಈಗ ನಮ್ಮ ಮನೆಯ ನೀರಿನ ಸಂಪ್‌ಗೆ ಇಳಿಸುತ್ತೇನೆ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಪಂಪಿನಲ್ಲೇ ಮೇಲೇರಿ ಬರಬೇಕು, ಅದಕ್ಕೆ ಸುಡುವ ಕರೆಂಟೇ ಎಷ್ಟೋ. ನಮ್ಮ 1,000 ಚದರ ಅಡಿ ತಾರಸಿ ಮೇಲೆ ಒಳ್ಳೆ ಮಳೆ ವರ್ಷದಲ್ಲಿ ಬೀಳುವ ನೀರು 80 ಸಾವಿರ ಲೀಟರ್ ದಾಟುತ್ತದೆ. ಈ ಲೆಕ್ಕವನ್ನು ಓನರ್‌ಗೆ ಕಾಗದದಲ್ಲಿ ಬರೆದು ತೋರಿಸಿದೆ. ಭಾನುವಾರ ಪ್ಲಂಬರ್ ಬರುತ್ತಾರೆ, ಮಳೆನೀರನ್ನು ಸಂಪ್‌ಗೆ ಇಳಿಸುವ ಪೈಪ್ ಅಳತೆಗೆ.