ಪೋಸ್ಟ್‌ಗ್ರೆಸ್ ಲಾಜಿಕಲ್ ರೆಪ್ಲಿಕೇಶನ್: ಪ್ರೈಮರಿ ಕೀ ಇಲ್ಲದ ಟೇಬಲ್‌ಗೆ ಎಷ್ಟು ಒಗ್ಗುತ್ತದೆ?

2017ರಲ್ಲಿ 10ನೇ ಆವೃತ್ತಿಯೊಂದಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಳಗೇ ಬಂದ ಲಾಜಿಕಲ್ ರೆಪ್ಲಿಕೇಶನ್ (ಒಂದು ಸರ್ವರ್‌ನ ಟೇಬಲ್‌ಗಳಲ್ಲಾದ ಬದಲಾವಣೆಗಳನ್ನು ಇನ್ನೊಂದಕ್ಕೆ ಕಳಿಸುವ ವ್ಯವಸ್ಥೆ) ಒಟ್ಟಾರೆ ಗಟ್ಟಿ ಸೌಲಭ್ಯ. ಆದರೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀ) ಇಲ್ಲದ ಟೇಬಲ್ ಸಿಕ್ಕಿತೋ, ತಕರಾರು ಶುರು. ಇನ್ಸರ್ಟ್ ಸಲೀಸಾಗಿ ಹೋಗುತ್ತದೆ; ಅಪ್‌ಡೇಟ್, ಡಿಲೀಟ್ ಎರರ್ ಕೊಡುತ್ತವೆ, ಅದೂ ಮೂಲ ಸರ್ವರ್‌ನಲ್ಲೇ. ಎಲ್ಲ ಟೇಬಲ್‌ಗಳನ್ನೂ ಕಣ್ಣು ಮುಚ್ಚಿ ಪಬ್ಲಿಕೇಶನ್‌ಗೆ (ಕಳಿಸಬೇಕಾದ ಟೇಬಲ್‌ಗಳ ಪಟ್ಟಿಗೆ) ಸೇರಿಸಿದರೆ ಓಡುತ್ತಿರುವ ಆ್ಯಪ್ಪೇ ಮುಗ್ಗರಿಸುತ್ತದೆ. ಈ ವಿಷಯಕ್ಕೆ ಒಂದು ಅಂಕ ಕಡಿತ.

ಮೊದಲು ನೋಡಬೇಕಾದ್ದು ಯೂನಿಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಬರಲು ಬಿಡದ ಸೂಚಿ) ಇದೆಯೇ ಎಂದು. ಅದರ ಕಾಲಂಗಳೆಲ್ಲ ನಾಟ್ ನಲ್ ಆಗಿದ್ದು, ಇಂಡೆಕ್ಸ್ ಪಾರ್ಷಿಯಲ್ (ಕೆಲವೇ ಸಾಲುಗಳಿಗೆ ಸೀಮಿತ) ಅಥವಾ ಡಿಫರಬಲ್ (ತಪಾಸಣೆ ಮುಂದೂಡಬಲ್ಲದ್ದು) ಅಲ್ಲದಿದ್ದರೆ ಅದನ್ನೇ ರೆಪ್ಲಿಕಾ ಐಡೆಂಟಿಟಿ, ಅಂದರೆ ಬದಲಾದ ಸಾಲನ್ನು ಗುರುತಿಸುವ ಗುರುತು, ಮಾಡಿ. ಕೆಲಸ ಮುಗಿಯಿತು.

ಅದೂ ಇಲ್ಲದವರಿಗೆ ಒಂದು ದಾರಿ 'ಫುಲ್', ಅಂದರೆ ಇಡೀ ಸಾಲನ್ನೇ ಗುರುತಾಗಿಸುವುದು. ಒಂದೇ ಸಾಲಿನ ಆಲ್ಟರ್ ಟೇಬಲ್, ಆದರೆ ದುಬಾರಿ. ಪ್ರತಿ ಬದಲಾವಣೆಗೂ ಹಳೆಯ ಸಾಲು ಪೂರ್ತಿಯಾಗಿ ಲಾಗ್‌ಗೆ ಹೋಗುತ್ತದೆ. ಅತ್ತ ಸಬ್‌ಸ್ಕ್ರೈಬರ್ (ಬದಲಾವಣೆ ಪಡೆಯುವ ಸರ್ವರ್) ಆ ಸಾಲು ಹುಡುಕಲು ಟೇಬಲ್ಲನ್ನೇ ಜಾಲಾಡುತ್ತದೆ. ಮೂಲದಲ್ಲಿ ಒಂದೇ ಡಿಲೀಟ್‌ಗೆ ಲಕ್ಷ ಸಾಲು ಅಳಿದರೆ, ಅಲ್ಲಿ ಲಕ್ಷ ಸಲ ಹುಡುಕಾಟ. ರೆಪ್ಲಿಕೇಶನ್ ನಿಂತೇ ಹೋಗಿದೆ ಅನಿಸುವುದು ಇದಕ್ಕೇ. 16ನೇ ಆವೃತ್ತಿಯಿಂದ ಸಬ್‌ಸ್ಕ್ರೈಬರ್‌ನಲ್ಲಿರುವ ಸಾಮಾನ್ಯ ಬಿ-ಟ್ರೀ ಇಂಡೆಕ್ಸನ್ನೂ ಬಳಸಿಕೊಳ್ಳುತ್ತದೆ, ಅದು ಯೂನಿಕ್ ಆಗಿರಬೇಕಿಲ್ಲ. ಹಾಗಾಗಿ ಹೆಚ್ಚು ಭಿನ್ನ ಮೌಲ್ಯಗಳಿರುವ ಕಾಲಂ ಮೇಲೆ ಅಲ್ಲೊಂದು ಇಂಡೆಕ್ಸ್ ಹಾಕಿ. ಜೇಸನ್ ಕಾಲಂ ಇದ್ದರೆ ಹುಷಾರು: ಅದಕ್ಕೆ ಸಮಾನತೆಯ ಹೋಲಿಕೆಯೇ ಇಲ್ಲ, 'ಫುಲ್' ಹಾಕಿದರೂ ಅಪ್‌ಡೇಟ್ ಕೈಕೊಡುತ್ತದೆ. ಅದರ ಬೈನರಿ ರೂಪವಾದ ಜೇಸನ್‌ಬಿಗೆ ಆ ಕಾಟವಿಲ್ಲ.

ಇನ್ನೊಂದು ದಾರಿ, ಹೊಸ ಐಡೆಂಟಿಟಿ ಕಾಲಂ (ಕ್ರಮಸಂಖ್ಯೆಯನ್ನು ತಾನೇ ತುಂಬಿಕೊಳ್ಳುವ ಕಾಲಂ) ಸೇರಿಸಿ ಪ್ರೈಮರಿ ಕೀ ಮಾಡುವುದು; ಅದೇ ನಮ್ಮ ಆಯ್ಕೆ. ಆಗ ಟೇಬಲ್ ಪೂರ್ತಿ ಮರುಬರಹವಾಗುತ್ತದೆ, ಅಲ್ಲಿಯವರೆಗೂ ಓದಲೂ ಆಗದಂಥ ಲಾಕ್ ಬೀಳುತ್ತದೆ. ದೊಡ್ಡ ಟೇಬಲ್ ಆದರೆ ಬಿಡುವಿನ ಹೊತ್ತು ನೋಡಿಕೊಂಡೇ ಕೈ ಹಾಕಿ.