ನಾಲ್ಕಂಕಿ, ಆರಂಕಿ, ಪ್ಯಾಟರ್ನ್, ಬೆರಳು: ಒಂದೊಂದನ್ನೂ ಬಳಸಿ ನೋಡಿದ ಮೇಲೆ

ನನ್ನ ಹಳೇ ಫೋನಿನ ಪಿನ್ ನಾನು ಹುಟ್ಟಿದ ಇಸವಿಯಾಗಿತ್ತು. ಹೋದ ವರ್ಷ ಹರಿಹರ–ದಾವಣಗೆರೆ ಬಸ್ಸಿನ ನೂಕುನುಗ್ಗಲಲ್ಲಿ ಆ ಫೋನ್ ಹೋಯಿತು. ಕದ್ದವರು ಪಿನ್ ಊಹಿಸಿದರೋ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಂಡರೋ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಸೋದರಮಾವನಿಗೆ ನನ್ನ ಹೆಸರಲ್ಲಿ ‘ಅರ್ಜೆಂಟಾಗಿ ಐದು ಸಾವಿರ ಕಳಿಸಿ’ ಅಂತ ಮೆಸೇಜ್ ಹೋಗಿತ್ತು. ಮಾವ ಕಳಿಸಿಯೂ ಬಿಟ್ಟಿದ್ದರು. ಹೊಸ ಫೋನ್ ಬಂದ ಮೇಲೆ ಅದರೊಳಗಿನ ಒಂದೊಂದು ಲಾಕನ್ನೂ ಕೆಲವು ದಿನ ಬಳಸಿ ನೋಡಿದೆ. ಕೆಲವನ್ನು ಅವ್ವನ ಫೋನಿನಲ್ಲೂ.

ಮೊದಲು ನಾಲ್ಕಂಕಿ ಪಿನ್. ಒಟ್ಟು 10,000 ಸಾಧ್ಯತೆಗಳು. ಕೆಲವು ಸಲ ತಪ್ಪಿದರೆ ಫೋನ್ ಕಾಯಿಸುತ್ತದೆ, ಹಾಗಾಗಿ ಎಲ್ಲವನ್ನೂ ಒತ್ತುತ್ತ ಕೂರುವುದು ಆಗದ ಮಾತು. ಆದರೆ ಕಳ್ಳ ಹಾಗೆ ಕೂರುವುದಿಲ್ಲವಲ್ಲ! 1234, 0000, ಮೊಬೈಲ್ ನಂಬರಿನ ಕೊನೆಯ ನಾಲ್ಕಂಕಿ, ಆಮೇಲೆ ಇಸವಿ. 1950ರಿಂದ 2010ರವರೆಗೆ ಇಸವಿಗಳು ಬರೀ 61. ತಾರೀಖು, ತಿಂಗಳು ಸೇರಿಸಿ ಇಟ್ಟರೂ 366ಕ್ಕೆ ಮುಗಿಯಿತು.

ಪ್ಯಾಟರ್ನ್ ಲೆಕ್ಕದಲ್ಲಿ ಇದಕ್ಕಿಂತ ಎಷ್ಟೋ ಗಟ್ಟಿ: ಒಂಬತ್ತು ಚುಕ್ಕೆಗಳಲ್ಲಿ 3,89,112 ಗೆರೆಗಳು ಸಾಧ್ಯ. ಬಳಕೆಯಲ್ಲಿ ನನಗೆ ಕಂಡದ್ದು ಬೇರೆ. ಒಂದು ಸಂಜೆ ಮಂಡಕ್ಕಿ, ಮಿರ್ಚಿ ತಿಂದ ಕೈಯಲ್ಲೇ ಫೋನ್ ತೆಗೆದೆ. ಆಮೇಲೆ ಟ್ಯೂಬ್‌ಲೈಟ್ ಬೆಳಕಿಗೆ ಓರೆಯಾಗಿ ಹಿಡಿದರೆ ಎಣ್ಣೆಯ ಗೆರೆ ಗಾಜಿನ ಮೇಲೆ ಪೂರ್ತಿ ಮೂಡಿತ್ತು. ಈ ಜಿಡ್ಡಿನ ಗುರುತಿನಿಂದ ಪ್ಯಾಟರ್ನ್ ಕಂಡುಹಿಡಿಯಬಹುದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲೇ ತೋರಿಸಿದ್ದರು. ಪಕ್ಕದಲ್ಲಿ ಕೂತ ನನ್ನ ಅಣ್ಣನ ಮಗನಿಗೆ ಜಿಡ್ಡೂ ಬೇಕಾಗಲಿಲ್ಲ. ಎರಡು ಸಲ ನೋಡಿ ಮೂರನೇ ಸಲ ತಾನೇ ತೆಗೆದ. ಅವನಿಗೆ ಒಂಬತ್ತು ವರ್ಷ. ಅವತ್ತೇ ಪ್ಯಾಟರ್ನ್ ಬಿಟ್ಟೆ.

ಅಕ್ಷರ, ಅಂಕಿ ಬೆರೆಸಿದ ಉದ್ದ ಪಾಸ್‌ವರ್ಡ್ ಎಲ್ಲಕ್ಕಿಂತ ಗಟ್ಟಿ, ಒಪ್ಪುತ್ತೇನೆ. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಹನ್ನೊಂದು ಅಕ್ಷರ ಹೊಡೆಯುವುದು ನನ್ನಿಂದಾಗಲಿಲ್ಲ. ಒಂಬತ್ತು ದಿನಕ್ಕೆ ಸಾಕಾಯಿತು.

ಫೇಸ್ ಅನ್‌ಲಾಕ್ ವಿಷಯದಲ್ಲಿ ಫೋನಿಂದ ಫೋನಿಗೆ ಅಜಗಜಾಂತರ. ಐಫೋನಿನದು ಕಣ್ಣಿಗೆ ಕಾಣದ ಸಾವಿರಾರು ಇನ್‌ಫ್ರಾರೆಡ್ ಚುಕ್ಕೆಗಳನ್ನು ಮುಖಕ್ಕೆ ಚೆಲ್ಲಿ ಆಳ ಅಳೆಯುತ್ತದೆ. ನನ್ನ ಕಡಿಮೆ ಬೆಲೆಯ ಆ್ಯಂಡ್ರಾಯ್ಡ್ ಫೋನಿನಲ್ಲಿರುವುದು ಬರೀ ಮುಂದಿನ ಕ್ಯಾಮೆರಾ. ನಿಮ್ಮನ್ನು ಹೋಲುವವರು ತೆರೆಯಬಹುದು ಎಂದು ಸೆಟ್ಟಿಂಗ್ಸೇ ಎಚ್ಚರಿಸಿತು, ನನ್ನ ತಂಗಿ ನಾಲ್ಕನೇ ಪ್ರಯತ್ನದಲ್ಲಿ ತೆರೆದೂ ತೋರಿಸಿದಳು. ಬ್ಯಾಂಕ್ ಆ್ಯಪ್ ಆ ಮುಖದ ಲಾಕನ್ನು ಒಪ್ಪಲಿಲ್ಲ, ಬೆರಳಚ್ಚನ್ನು ಒಪ್ಪಿತು.

ಬೆರಳಚ್ಚು ನನಗೆ ಬಹಳ ಹಿಡಿಸಿತು. ಯಾರೂ ಇಣುಕಿ ಕದಿಯಲಾರರು. ಆದರೆ ಚನ್ನಗಿರಿ ಕಡೆ ನಮ್ಮೂರಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಅವ್ವನ ಬೆರಳು ಚೊಗರು ಹಿಡಿದು ಕಪ್ಪಾಗಿರುತ್ತದೆ, ಚರ್ಮ ಸವೆದಿರುತ್ತದೆ. ‘ನ್ಯಾಯಬೆಲೆ ಅಂಗಡಿ ಮಿಷನ್‌ಗೂ ನನ್ನ ಹೆಬ್ಬೆಟ್ಟು ಬ್ಯಾಡ, ಇದಕ್ಕೂ ಬ್ಯಾಡ’ ಅಂದು ಫೋನ್ ನನ್ನ ಕೈಗಿಟ್ಟಳು. ಇನ್ನೊಂದು ಮಾತು: ಬೆರಳಾಗಲಿ ಮುಖವಾಗಲಿ, ಫೋನ್ ಆಫ್ ಮಾಡಿ ಆನ್ ಮಾಡಿದರೆ ಅದು ಮೊದಲು ಕೇಳುವುದು ಪಾಸ್‌ಕೋಡನ್ನೇ. ಬೆರಳು ಗುರುತಾಗದಿದ್ದರೂ ಪಿನ್ ಹಾಕಿ ಒಳಗೆ ಹೋಗಬಹುದು. ಅಂದಮೇಲೆ ಹಿಂದಿರುವ ಪಿನ್ 1234 ಆಗಿದ್ದರೆ ಮುಂದೆ ಎಂಥ ಬೆರಳಚ್ಚಿದ್ದರೂ ಕಾವಲು 1234ರದ್ದೇ.

ಹಾಗಾಗಿ ನಾನು ನಿಂತದ್ದು ಆರಂಕಿಗೆ, ಮೇಲೆ ಬೆರಳಚ್ಚು. 10 ಲಕ್ಷ ಸಾಧ್ಯತೆಗಳು, ಬೆರಳಿಗೆ ರೂಢಿಯಾಗಲು ಹಿಡಿದದ್ದು ಮೂರೇ ದಿನ. ಐಫೋನಿನಲ್ಲಿ 2015ರಿಂದ, ಐಒಎಸ್ 9 ಬಂದಾಗಿನಿಂದ, ಹೊಸದಾಗಿ ಪಾಸ್‌ಕೋಡ್ ಇಡುವಾಗ ಕೇಳುವುದೇ ಆರಂಕಿ. ಆರಂಕಿ ಅಂತ ಹುಟ್ಟಿದ ದಿನ, ತಿಂಗಳು, ಇಸವಿ ತುಂಬಿದರೆ ಮಾತ್ರ ಬಂದ ದಾರಿಗೆ ಸುಂಕವಿಲ್ಲ. ಯುಪಿಐ ಪಿನ್ನಿಗೂ ಇದೇ ನಂಬರ್ ಇಡಬೇಡಿ, ದಯವಿಟ್ಟು.

ಇಷ್ಟೆಲ್ಲ ಮಾಡಿಯೂ ಎರಡು ಕಿಂಡಿ ಉಳಿದಿದ್ದವು. ಒಂದು, ಲಾಕ್ ಆಗಿದ್ದಾಗಲೂ ಪರದೆ ಮೇಲೆ ಒಟಿಪಿ ಕಾಣುತ್ತಿತ್ತು. ನೋಟಿಫಿಕೇಶನ್‌ನಲ್ಲಿ ಒಳಗಿನ ಮಾತು ಕಾಣದಂತೆ ಮಾಡಿದೆ. ಎರಡು, ಸಿಮ್. ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ನನ್ನ ಪಾಸ್‌ಕೋಡಿಗೆ ಅಲ್ಲಿ ಕೆಲಸವೇ ಇಲ್ಲ, ಒಟಿಪಿಗಳೆಲ್ಲ ಅಲ್ಲಿಗೇ. ಅದಕ್ಕೆ ಸಿಮ್ ಲಾಕ್ ಹಾಕಿದೆ, ಅಂದರೆ ಸಿಮ್ಮೇ ಕೇಳುವ ಬೇರೊಂದು ಪಿನ್. ಹಾಕುವ ಮೊದಲು ಸಿಮ್‌ಗೆ ಮೊದಲೇ ಇಟ್ಟಿರುವ ಪಿನ್ ಯಾವುದೆಂದು ಕಂಪನಿಯನ್ನೇ ಕೇಳಿ. ಮೂರು ಸಲ ತಪ್ಪಿದರೆ ಸಿಮ್ ಮತ್ತೆ ತೆರೆಯಲು ಎಂಟಂಕಿಯ ಪಿಯುಕೆ ಕೋಡ್ ಬೇಕಾಗುತ್ತದೆ. ಫೋನ್ ಆನ್ ಮಾಡಿದಾಗಲೆಲ್ಲ ಎರಡೆರಡು ನಂಬರ್ ಹೊಡೆಯುವುದು ಬೇಸರವೇ, ಆದರೂ ತೆಗೆದಿಲ್ಲ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ನಂಬರನ್ನು, ಅಂದರೆ ಫೋನಿನ ಗುರುತಿನ ನಂಬರನ್ನು, ಈಗ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ಪೊಲೀಸ್ ದೂರಿನ ಜೊತೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಲು ಅದು ಬೇಕು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಅವ್ವನಿಗೂ ಆರಂಕಿಯೇ. ಯಾವ ಕಾರ್ಡಿನಲ್ಲೂ ಇಲ್ಲದ, ಅವಳು ಮಾತ್ರ ಮರೆಯದ ಒಂದು ನಂಬರ್ ಯೋಚಿಸು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಬೆನ್ನು ಮಾಡಿ ಕೂತು ಹೊಡೆದಳು. ಅದು ಏನೆಂದು ನಾನು ಕೇಳಿಲ್ಲ.