ವ್ಯಾನಿನ ಹೀಟರ್‌ಗೆ ಡೀಸೆಲ್ ಎಲ್ಲಿಂದ? ಮೂರು ಚಳಿಗಾಲ, ಮೂರು ಜೋಡಣೆ

ಡಿಸೆಂಬರ್ ರಾತ್ರಿ ಉಣಕಲ್ ಕೆರೆ ದಂಡೆಯಲ್ಲಿ ಕೂರೋಕೆ ಒಂದು ಸ್ವೆಟರ್ ಸಾಕು. ಅದಕ್ಕೇ ಹುಬ್ಬಳ್ಳಿ ಗಾಡಿಗೆ ಹೀಟರ್ ಯಾಕೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ನಮ್ಮದು ಹಳೆಯ ಡೀಸೆಲ್ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಸೀಟು ತೆಗೆಸಿ ಮಂಚ, ಒಲೆ, ನೀರಿನ ಕ್ಯಾನು ಕೂರಿಸಿದ್ದೇವೆ. ಆ ಬದಲಾವಣೆಯನ್ನು ಆರ್‌ಸಿಯಲ್ಲೂ ಬರೆಸಿಕೊಂಡಿದ್ದೇವೆ, ಅದನ್ನು ಯಾರೂ ಬಿಡಬೇಡಿ. ಪ್ರತಿ ಚಳಿಗಾಲ ಹಿಮಾಚಲಕ್ಕೆ ಹೋಗುತ್ತೇವೆ. ಅಲ್ಲಿ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇಳಿದರೆ ಎಷ್ಟು ರಗ್ಗು ಹೊದ್ದರೂ ನಿದ್ದೆ ಹತ್ತುವುದಿಲ್ಲ. ಅದಕ್ಕೇ ಎಂಜಿನ್ ಆರಿಸಿದ ಮೇಲೂ ತಾನೇ ಡೀಸೆಲ್ ಉರಿಸಿ ಬಿಸಿಗಾಳಿ ಬಿಡುವ ಈ ಹೀಟರ್.

ಹೀಟರ್ ಯಾವ ಕಂಪನಿಯದು ಅನ್ನೋದಕ್ಕಿಂತ ಅದಕ್ಕೆ ಡೀಸೆಲ್ ಎಲ್ಲಿಂದ ಬರುತ್ತದೆ ಅನ್ನೋದು ದೊಡ್ಡ ಪ್ರಶ್ನೆ. ಇದು ನನಗೆ ಅರ್ಥವಾಗೋಕೆ ಮೂರು ವರ್ಷ ಹಿಡಿಯಿತು. ದಾರಿ ಮೂರು. ಬೇರೆ ಚಿಕ್ಕ ಟ್ಯಾಂಕ್ ಇಡುವುದು, ಎಂಜಿನ್‌ಗೆ ಹೋಗುವ ಪೈಪನ್ನೇ ಕತ್ತರಿಸಿ ಟಿ (ಇಂಗ್ಲಿಷ್ T ಆಕಾರದ ಕವಲು ತುಂಡು) ಹಾಕುವುದು, ಅಥವಾ ಗಾಡಿಯ ಟ್ಯಾಂಕಿಗೇ ಇನ್ನೊಂದು ಪೈಪ್ ಇಳಿಬಿಡುವುದು. ಮೂರನ್ನೂ ಇದೇ ಗಾಡಿಗೆ, ಇದೇ 2 ಕಿಲೋವ್ಯಾಟ್ ಹೀಟರ್‌ಗೆ ಹಾಕಿ ನೋಡಿದ್ದೇನೆ.

ಮೊದಲ ವರ್ಷ ಚಿಕ್ಕ ಟ್ಯಾಂಕ್. ಹೀಟರ್ ಜೊತೆಗೇ ಬಂದಿದ್ದ 10 ಲೀಟರ್‌ನ ಪ್ಲಾಸ್ಟಿಕ್ ಡಬ್ಬಿ. ಹಿಂದಿನ ಬಾಗಿಲ ಒಳಬದಿಗೆ ಕೂರಿಸಿ, ನಾನೇ ಅರ್ಧ ದಿನದಲ್ಲಿ ಕೆಲಸ ಮುಗಿಸಿದೆ. ಗಾಡಿಯ ಪೈಪಿಗೆ ಕೈ ಹಚ್ಚುವ ಮಾತೇ ಇಲ್ಲ. ಸಣ್ಣ ಉರಿಯಲ್ಲಿ ಈ ಹೀಟರ್ ಗಂಟೆಗೆ 100 ಮಿಲಿಲೀಟರ್‌ಗಿಂತ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಪೂರ್ತಿ ಉರಿಯಲ್ಲಿ ಅದರ ಎರಡರಷ್ಟು. ಒಂದು ರಾತ್ರಿಗೆ ಸುಮಾರು ಒಂದೂವರೆ ಲೀಟರ್. ಡಬ್ಬಿ ತುಂಬಿಸಿದರೆ ಆರು ರಾತ್ರಿ ಚಿಂತೆ ಇಲ್ಲ.

ಏಳನೇ ರಾತ್ರಿ ಚಿಂತೆ ಬಂತು. ಕಿನ್ನೌರ್ ದಾರಿ ಹಿಡಿದು ಕಾಜಾ ಮುಟ್ಟಿದ್ದೆವು, 3,600 ಮೀಟರ್‌ಗಿಂತ ಎತ್ತರದ ಊರು. ರಾತ್ರಿ ಎರಡಕ್ಕೆ ಹೀಟರ್ ನಿಂತಿತು. ಹೊರಗೆ ನಿಂತು ಕ್ಯಾನಿನಿಂದ ಲಾಳಿಕೆಯಲ್ಲಿ ಡೀಸೆಲ್ ಸುರಿಯುವಾಗ ಕೈ ನಡುಗಿ ಅರ್ಧ ಲೋಟದಷ್ಟು ಕೈಗವಸಿನ ಮೇಲೆ ಚೆಲ್ಲಿತು. ಆ ವಾಸನೆ ಹಾಸಿಗೆಗೆ ಹತ್ತಿ ಹುಬ್ಬಳ್ಳಿಗೆ ಬರುವ ತನಕ ಹೋಗಲಿಲ್ಲ. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಶೇಂಗಾ ಚಟ್ನಿಪುಡಿಗೂ ವಾಸನೆ ಬಂದು, ಅದನ್ನು ಚೆಲ್ಲಬೇಕಾಯಿತು.

ಆದರೂ ಚಿಕ್ಕ ಟ್ಯಾಂಕಿನ ಎರಡು ಗುಣ ಮರೆಯುವಂತಿಲ್ಲ. ಒಂದು, ಅದು ಗಾಡಿಯ ಒಳಗೇ ಇರುವುದರಿಂದ ಡೀಸೆಲ್ ಬೆಚ್ಚಗಿರುತ್ತದೆ. ಇನ್ನೊಂದು, ಅದರಲ್ಲಿ ಏನು ಉರಿಸುತ್ತೇವೆ ಅನ್ನೋದು ನಮ್ಮ ಕೈಯಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಡೀಸೆಲ್ ಪೂರ್ತಿ ಉರಿಯದೆ ಹೀಟರ್ ಒಳಗೆ ಮಸಿ ಕಟ್ಟುತ್ತದೆ. ಹೀಟರ್‌ಗೆ ಡೀಸೆಲ್ ಹನಿಸುವ ಪಂಪಿನ ಬಡಿತವನ್ನು ಸೆಟ್ಟಿಂಗ್‌ನಲ್ಲಿ ತಗ್ಗಿಸಿದರೆ ಮಸಿ ಕಡಿಮೆ. ಊರಿಗೆ ಬಂದ ಮೇಲೆ ಒಂದಿಷ್ಟು ಸೀಮೆಎಣ್ಣೆ ಹಾಕಿ ಜೋರು ಉರಿಯಲ್ಲಿ ಓಡಿಸಿದರೆ ಉಳಿದ ಮಸಿಯೂ ಬಿಡುತ್ತದೆ. ಬೇರೆ ಡಬ್ಬಿ ಇದ್ದರೆ ಇದು ಸುಲಭ. ಗಾಡಿಯ ಟ್ಯಾಂಕಿಗೆ ಮಾತ್ರ ಸೀಮೆಎಣ್ಣೆ ಬೆರೆಸಬಾರದು. ಎಂಜಿನ್ನಿಗೂ ಕೆಟ್ಟದ್ದು, ಕಾನೂನಿಗೂ ವಿರುದ್ಧ.

ಎರಡನೇ ವರ್ಷ ಟಿ ಜೋಡಣೆ. ಟ್ಯಾಂಕಿನಿಂದ ಫಿಲ್ಟರ್‌ಗೆ ಹೋಗುವ ಪೈಪನ್ನು ಕತ್ತರಿಸಿ, ನಡುವೆ ಪುಟ್ಟ ಟಿ ಕೂರಿಸಿ, ಹೀಟರ್‌ಗೆ ಒಂದು ಕವಲು. ಖರ್ಚು ಕೆಲವು ನೂರು ರೂಪಾಯಿ, ಕೆಲಸ ಒಂದು ಗಂಟೆ. ಗೋಕುಲ ರೋಡಿನ ನಮ್ಮ ಮೆಕ್ಯಾನಿಕ್ ಮೊದಲೇ ಬೇಡ ಅಂದಿದ್ದರು. "ಎಂಜಿನ್ ಬಾಯಾಗಿನ ತುತ್ತು ಕಸಗೊಂಡಂಗ ಆಗ್ತೈತ್ರಿ ಸರ" ಅಂದರು. ನಾನು ಕೇಳಲಿಲ್ಲ.

ಅಟಲ್ ಸುರಂಗ ದಾಟಿ ಸಿಸ್ಸುವಿನಲ್ಲಿ ನಿಲ್ಲಿಸಿದೆವು. ರಾತ್ರಿಯಿಡೀ ಹೀಟರ್ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಎಂಜಿನ್ ಹತ್ತಲಿಲ್ಲ. ಟಿ ಹತ್ತಿರ ಒಂದು ಕ್ಲಾಂಪ್ ಕೂದಲೆಳೆಯಷ್ಟು ಸಡಿಲವಾಗಿತ್ತು. ಡೀಸೆಲ್ ಹೊರಗೆ ಸೋರುವಷ್ಟಲ್ಲ, ಗಾಳಿ ಒಳಗೆ ಬರುವಷ್ಟು. ಗಾಳಿ ಬಂದಿದ್ದೇ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರಿತ್ತು. ಫಿಲ್ಟರ್ ಮೇಲಿನ ಕೈಪಂಪ್ ಒತ್ತಿ ಒತ್ತಿ ಹೆಬ್ಬೆರಳು ಸೆಟೆದುಕೊಂಡಿತು. ಹೀಟರ್ ಹತ್ತುವಾಗ ಡೀಸೆಲ್ ಹೊತ್ತಿಸುವ ಅದರ ಗ್ಲೋ ಪ್ಲಗ್ 10 ಆಂಪಿಯರ್‌ವರೆಗೆ ಎಳೆಯುತ್ತದೆ, ಆಮೇಲೆ ಫ್ಯಾನ್ ರಾತ್ರಿಯೆಲ್ಲ ಓಡುತ್ತದೆ. ಬ್ಯಾಟರಿ ಮೊದಲೇ ದಣಿದಿತ್ತು. ಮೂರನೇ ಸಲಕ್ಕೆ ಗಾಡಿ ಹತ್ತಿದಾಗ ಹೆಂಡತಿ ಅತ್ತೇಬಿಟ್ಟಳು. ಹಿಂದಿನ ಸೀಟಿನಲ್ಲಿ ಮಗು ಇತ್ತು.

ಎಂಜಿನ್‌ನಿಂದ ಮರಳಿ ಬರುವ ರಿಟರ್ನ್ ಪೈಪಿಗೆ ಟಿ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ಊರಿಗೆ ಬಂದ ಮೇಲೆ ಅದನ್ನೂ ಎರಡು ದಿನ ನೋಡಿದೆ. ರಿಟರ್ನ್ ಪೈಪಿನ ತುದಿ ಟ್ಯಾಂಕಿನಲ್ಲಿ ಮೇಲೇ ನಿಂತಿದ್ದರೆ, ಡೀಸೆಲ್ ಇಳಿದಾಗ ಅದು ಬರೀ ಗಾಳಿ ಎಳೆಯುತ್ತದೆ. ಪೈಪಿನಲ್ಲಿ ಗುಳ್ಳೆ ಸಾಲುಗಟ್ಟಿ ಬಂತು, ಹೀಟರ್ ಕೆಮ್ಮಿ ಕೆಮ್ಮಿ ನಿಂತಿತು. ಟ್ಯಾಂಕಿನ ಒಳಗೇ ಪಂಪ್ ಇರುವ ಗಾಡಿಗಳಲ್ಲಿ ಮುಂದೆ ಹೋಗುವ ಪೈಪಿಗೆ ಟಿ ಹಾಕುವುದು ಇನ್ನೂ ಅಪಾಯ. ಆ ಪೈಪಿನಲ್ಲಿ ಒತ್ತಡ ಇರುತ್ತದೆ. ಹನಿ ಹನಿ ಅಳೆದು ಕೊಡುವ ಹೀಟರ್ ಪಂಪಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮೂರನೇ ವರ್ಷ ಟ್ಯಾಂಕಿಗೇ ಪೈಪ್. ಬರೆಯಬೇಕಾದ್ದು ಜಾಸ್ತಿ ಇರುವುದು ಇಲ್ಲೇ. ಟ್ಯಾಂಕಿನ ಮೇಲೆ ಡೀಸೆಲ್ ಮಟ್ಟ ತೋರಿಸುವ ಫ್ಲೋಟಿನ ಪ್ಲೇಟ್ ಇರುತ್ತದೆ. ಅದಕ್ಕೆ ಒಂದು ತೂತು ಕೊರೆದು ಸಣ್ಣ ಲೋಹದ ಪೈಪ್ ಇಳಿಬಿಡಬೇಕು. ನಮ್ಮ ಗಾಡಿಯಲ್ಲಿ ಅದಕ್ಕಾಗಿ ಟ್ಯಾಂಕನ್ನೇ ಕೆಳಗಿಳಿಸಬೇಕಾಯಿತು. ಒಂದಿಡೀ ದಿನದ ಕೆಲಸ, ಕೂಲಿ ಸೇರಿ ಮೂರೂವರೆ ಸಾವಿರ. ಕೊರೆಯುವ ಕೆಲಸ ಪ್ಲೇಟ್ ಬಿಚ್ಚಿ, ಟ್ಯಾಂಕಿನಿಂದ ದೂರ ಒಯ್ದೇ ಮಾಡಬೇಕು. ಲೋಹದ ಪುಡಿ ಒಳಗೆ ಬೀಳಬಾರದು ಅನ್ನೋದು ಒಂದು ಕಾರಣ. ಇನ್ನೊಂದು ನಮ್ಮೂರಿನದು. ನಮ್ಮ ದೇಶದಲ್ಲಿ ಡೀಸೆಲ್ಲಿನ ಆವಿ ಕಿಡಿ ತಾಗಿ ಹೊತ್ತಿಕೊಳ್ಳುವ ಉಷ್ಣಾಂಶ 35 ಡಿಗ್ರಿಗಿಂತ ಕಡಿಮೆ ಇರಬಾರದು ಅನ್ನೋದಷ್ಟೇ ನಿಯಮ. ಏಪ್ರಿಲ್‌ನಲ್ಲಿ ಹುಬ್ಬಳ್ಳಿ ಬಿಸಿಲು ಆ 35ನ್ನು ದಾಟಿರುತ್ತದೆ. ಡೀಸೆಲ್ ಅಲ್ವಾ, ಏನೂ ಆಗಲ್ಲ ಅನ್ನೋ ಮಾತು ಆಗ ನಂಬುವಂಥದ್ದಲ್ಲ.

ಪೈಪಿನ ಕೆಳತುದಿಯನ್ನು ಓರೆಯಾಗಿ ಕತ್ತರಿಸಬೇಕು, ನೇರ ಕತ್ತರಿಸಿದರೆ ತಳಕ್ಕೆ ಅಂಟಿ ಬಾಯಿ ಮುಚ್ಚಬಹುದು. ತಳದಿಂದ 5 ಸೆಂಟಿಮೀಟರ್‌ನಷ್ಟಾದರೂ ಮೇಲೆ ನಿಲ್ಲಿಸಬೇಕು. ಆಗ ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಾದಾಗ ಹೀಟರ್ ತಾನೇ ನಿಲ್ಲುತ್ತದೆ, ಬಂಕಿನ ತನಕ ಓಡಿಸೋಕೆ ಎಂಜಿನ್ನಿನ ಪಾಲು ಉಳಿಯುತ್ತದೆ. ತಳದ ಕಸವೂ ಮೇಲೆ ಬರುವುದಿಲ್ಲ. ನಾವು ಮೊದಲ ಸಲ ತೂತಿನ ಜಾಗ ತಪ್ಪಿಸಿದೆವು. ಫ್ಲೋಟಿನ ಕಡ್ಡಿ ಹೊಸ ಪೈಪಿಗೆ ತಾಗಿ ಗೇಜಿನ ಮುಳ್ಳು ಅರ್ಧಕ್ಕೇ ನಿಂತಿತು. ಮತ್ತೆ ಟ್ಯಾಂಕ್ ಇಳಿಸಿದೆವು. ಪ್ಲೇಟ್ ಕೂರಿಸುವ ಮೊದಲು ಕಡ್ಡಿಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿಕೊಳ್ಳಿ, ಒಂದು ನಿಮಿಷದ ಕೆಲಸ.

ಪಂಪ್ ಟ್ಯಾಂಕಿನ ಹತ್ತಿರವೇ ಇರಲಿ. ಅದಕ್ಕೆ ಎಳೆಯೋದು ಕಷ್ಟ, ತಳ್ಳೋದು ಸುಲಭ. ಡೀಸೆಲ್ ಹೊರಗೆ ಹೋಗುವ ಬಾಯಿ ಮೇಲಕ್ಕೆ ಮುಖ ಮಾಡಿ ಓರೆಯಾಗಿ ನಿಂತರೆ ಗುಳ್ಳೆ ಒಳಗೆ ಉಳಿಯುವುದಿಲ್ಲ. ಹೀಟರ್ ಜೊತೆ ಬಂದ ಮೆತ್ತನೆಯ ಹಸಿರು ಪೈಪನ್ನು ತೆಗೆದು 2 ಮಿಲಿಮೀಟರ್ ಒಳಬಾಯಿಯ ಗಟ್ಟಿ ಬಿಳಿ ನೈಲಾನ್ ಪೈಪ್ ಹಾಕಿದೆ. ಮೆತ್ತನೆಯದು ಪಂಪಿನ ಪ್ರತಿ ಬಡಿತಕ್ಕೂ ಉಬ್ಬಿ ಕುಗ್ಗುತ್ತದೆ. ಜೋಡಣೆಯಲ್ಲಿ ಎರಡು ನೈಲಾನ್ ತುದಿಗಳು ಜೋಡಿಸುವ ರಬ್ಬರ್ ಕೊಳವೆಯ ಒಳಗೆ ಒಂದಕ್ಕೊಂದು ತಾಗಿರಬೇಕು. ಬ್ಲೇಡಿನಿಂದ ನೇರ ಕತ್ತರಿಸಿ, ಬೆರಳಲ್ಲಿ ಒತ್ತಿ, ಆಮೇಲೆ ಕ್ಲಾಂಪ್. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಬಿಳಿ ಪೈಪಿನೊಳಗೆ ಡೀಸೆಲ್ ಟಿಕ್ ಅಂದಾಗ ಒಂದು ಅಕ್ಕಿಕಾಳಿನಷ್ಟು ಮುಂದೆ ಸರಿಯುವುದು ಕಾಣುತ್ತದೆ. ನಡುವೆ ಗುಳ್ಳೆ ಇಲ್ಲದಿದ್ದರೆ ಕೆಲಸ ಸರಿಯಾಗಿದೆ ಅಂತಲೇ.

ಮತ್ತೆ ಅದೇ ಕಾಜಾಕ್ಕೆ ಹೋದೆವು. ಡಬ್ಬಿ ತುಂಬಿಸುವ ಕೆಲಸ ಇಲ್ಲ, ವಾಸನೆ ಇಲ್ಲ. ಬೆಳಿಗ್ಗೆ ಎಂಜಿನ್ ಮೊದಲ ಕೀಲಿಗೇ ಹತ್ತಿತು. ತೊಂದರೆ ಒಂದೇ ಬಂತು, ಐದನೇ ರಾತ್ರಿ. ಪಂಪಿನ ಮುಂಚಿನ ಪುಟ್ಟ ಫಿಲ್ಟರ್ ಗಾಡಿಯ ಕೆಳಗೆ ಗಾಳಿಗೆ ಒಡ್ಡಿಕೊಂಡಿತ್ತು, ಚಳಿಗೆ ಡೀಸೆಲ್ಲಿನಲ್ಲಿರುವ ಮೇಣ ಗಟ್ಟಿಯಾಗಿ ಅದರಲ್ಲಿ ಕಟ್ಟಿತು. ನಮ್ಮ ದೇಶದ ಸಾಮಾನ್ಯ ಡೀಸೆಲ್‌ಗೆ ಫಿಲ್ಟರ್ ಕಟ್ಟುವ ಮಿತಿ ಚಳಿಗಾಲದಲ್ಲಿ 6 ಡಿಗ್ರಿ, ಬೇಸಿಗೆಯಲ್ಲಿ 18. ಅಷ್ಟಕ್ಕಿಂತ ತಂಪಾದರೆ ಯಾವ ಭರವಸೆಯೂ ಇಲ್ಲ. ಲಡಾಖ್‌ಗೆಂದು 2019ರಲ್ಲಿ ಇಂಡಿಯನ್ ಆಯಿಲ್ ತಂದ ಚಳಿಗಾಲದ ಡೀಸೆಲ್ ಮೈನಸ್ 33ರ ತನಕ ಹರಿಯುತ್ತದೆ. ಅದು ಸಿಗದ ಕಡೆ, ಬಯಲಲ್ಲಿ ತುಂಬಿಸಿದ ಡೀಸೆಲ್ ಮುಗಿಸಿ ಬೆಟ್ಟದ ಬಂಕಿನಲ್ಲಿ ತುಂಬಿಸಿಕೊಳ್ಳುವುದು ಮೇಲು.

ಒಂದೇ ಸಲ ಹೋಗಿ ಬರುವವರು ಚಿಕ್ಕ ಟ್ಯಾಂಕ್ ಇಡಿ. ಅದರ ಜಾಗ ಮಲಗುವ ಕಡೆಯಿಂದ ಬೇರೆ ಇರಲಿ, ಮುಚ್ಚಳ ಬಿಗಿಯಾಗಿರಲಿ. ಪ್ರತಿ ವರ್ಷ ಹೋಗುವವರು ಟ್ಯಾಂಕ್ ಇಳಿಸುವ ಖರ್ಚಿಗೆ ಹೆದರಬೇಡಿ. ಟಿ ಜೋಡಣೆಯನ್ನು ಮಗು ಇರುವ ಗಾಡಿಗೆ ನಾನು ಇನ್ನೊಮ್ಮೆ ಹಾಕುವುದಿಲ್ಲ. ಮೂರರಲ್ಲಿ ಯಾವುದೇ ಇರಲಿ, ಹೊಗೆ ಕೊಳವೆ ಗಾಡಿಯ ಹೊರಗೆ ಬಾಯಿ ಬಿಡಬೇಕು. ಮಂಚದ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಈ ದೀಪಾವಳಿ ರಜೆಯಲ್ಲಿ ಆ ಪುಟ್ಟ ಫಿಲ್ಟರನ್ನು ಬಿಚ್ಚಿ, ಗಾಡಿ ಅಡಿಯ ಗಾಳಿ ತಾಗದ ಮೂಲೆಗೆ ಸರಿಸಿ, ಪೈಪಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸುತ್ತಿದ್ದೇನೆ. ಡಿಸೆಂಬರ್ ಕೊನೆಗೆ ಹೊರಡುತ್ತೇವೆ.